ಸೇನೆ ಅಧಿಕಾರ ಹಿಡಿದ ಮೇಲೆ ಮ್ಯಾನ್ಮಾರ್‌ನಲ್ಲಿ ಬದುಕು: ವಿದೇಶಿ ನಿವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಳೆಕಾಳು ವ್ಯಾಪಾರ, ಔಷಧ ಕಂಪನಿ, ಗಾರ್ಮೆಂಟ್ಸ್, ಶಾಲೆ, ಸ್ವಯಂಸೇವಾ ಸಂಸ್ಥೆ ಎಂದು ಯಾಂಗೊನ್‌ನಲ್ಲಿ ನೆಲೆಸಿರುವ ಭಾರತೀಯರಿಗೆ, ಊರಲ್ಲಿ ಕೂತು ಅವರದೇ ಚಿಂತೆ ಮಾಡುವ ಮನೆಯವರಿಗೆ ಈ ಪುಟ. 2021ರ ಮೊದಲ ತಿಂಗಳುಗಳ ವಿಷಯವೇ ಇಲ್ಲಿ ಹೆಚ್ಚು, ಏಕೆಂದರೆ ಜನ ಎಡವುವುದು ಆಗಲೇ. ಎಲ್ಲ ಉತ್ತರಗಳ ಹಿಂದೆ ಒಂದೇ ಲೆಕ್ಕವಿದೆ: ನಿಮ್ಮ ಪಾಸ್‌ಪೋರ್ಟ್ ನಿಮ್ಮನ್ನು ಒಂದಿಷ್ಟು ಕಾಯುತ್ತದೆ. ನಿಮ್ಮ ಡ್ರೈವರ್‌ನನ್ನು, ಅಡುಗೆಯವರನ್ನು, ಎದುರು ಮನೆಯ ಹುಡುಗನನ್ನು ಕಾಯುವುದಿಲ್ಲ.

ಚುಟುಕಾಗಿ ಹೇಳಿ, ಏನಾಯಿತು?

2020ರ ನವೆಂಬರ್ 8ರ ಚುನಾವಣೆಯಲ್ಲಿ ಸಂಸತ್ತಿನ 476 ಚುನಾಯಿತ ಸ್ಥಾನಗಳ ಪೈಕಿ 396 ಆಂಗ್ ಸಾನ್ ಸೂ ಕಿ ಅವರ ಎನ್‌ಎಲ್‌ಡಿ ಪಾಲಾದವು. ಸೇನೆಯ ಬೆಂಬಲವಿದ್ದ ಯುಎಸ್‌ಡಿಪಿಗೆ ಸಿಕ್ಕಿದ್ದು 33. ಮತದಾರರ ಪಟ್ಟಿಯಲ್ಲಿ ಭಾರಿ ಅಕ್ರಮ ನಡೆದಿದೆ ಎಂದು ಸೇನೆ ಪಟ್ಟು ಹಿಡಿಯಿತು. ಹೊಸ ಸಂಸತ್ತು ರಾಜಧಾನಿ ನೇಪಿಡೊದಲ್ಲಿ ಸೇರಬೇಕಿದ್ದದ್ದು 2021ರ ಫೆಬ್ರುವರಿ 1, ಸೋಮವಾರ. ಅಂದೇ ಬೆಳಗಿನ ಜಾವ ಸೂ ಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಅವರನ್ನು ಬಂಧಿಸಿದರು. ಉಪಾಧ್ಯಕ್ಷ ಮಿಂಟ್ ಸ್ವೆ ಹಂಗಾಮಿ ಅಧ್ಯಕ್ಷರಾಗಿ 2008ರ ಸಂವಿಧಾನದ 417ನೇ ವಿಧಿಯಡಿ ತುರ್ತು ಪರಿಸ್ಥಿತಿ ಘೋಷಿಸಿ, ಅಧಿಕಾರವನ್ನು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್ ಕೈಗೆ ಕೊಟ್ಟರು. ಒಂದು ವರ್ಷ ಎಂದಿದ್ದ ತುರ್ತು ಪರಿಸ್ಥಿತಿ 2025ರ ಜುಲೈ 31ರವರೆಗೂ ಎಳೆಯಿತು. ಡಿಸೆಂಬರ್ 28ರಿಂದ ಹಂತ ಹಂತವಾಗಿ ಚುನಾವಣೆ ನಡೆದದ್ದು ಎನ್‌ಎಲ್‌ಡಿಯನ್ನು ಹೊರಗಿಟ್ಟು.

ಇದಕ್ಕಿಂತ ನೆನಪಿಡಬೇಕಾದದ್ದು ಆಮೇಲಿನ ವಾರಗಳ ವೇಗ. ಫೆಬ್ರುವರಿಯ ಮೊದಲ ಮೆರವಣಿಗೆಗಳು ಜಾತ್ರೆಯಂತಿದ್ದವು. ಎಷ್ಟೋ ವಿದೇಶಿಯರು ಫುಟ್‌ಪಾತಿನಲ್ಲಿ ನಿಂತು ಫೋಟೊ ತೆಗೆದರು. ಫೆಬ್ರುವರಿ 28ರ ಒಂದೇ ದಿನ ಕನಿಷ್ಠ 18 ಜನ, ಮಾರ್ಚ್ 3ರಂದು 38 ಜನ ಸತ್ತರೆಂದು ವಿಶ್ವಸಂಸ್ಥೆ ಹೇಳಿತು. ಮಾರ್ಚ್ 14ರಂದು ಯಾಂಗೊನ್‌ನ ಕಾರ್ಖಾನೆ ಪ್ರದೇಶ ಹ್ಲಾಯಿಂಗ್ ತಾಯಾರ್‌ನಲ್ಲಿ ಹತ್ತಾರು ಹೆಣ ಬಿದ್ದವು. ಮಾರ್ಚ್ 27ರ ಸೇನಾ ದಿನದಂದು ದೇಶದಾದ್ಯಂತ ಸತ್ತವರು ನೂರು ಮೀರಿದರು. ಮೊದಲ ವಾರದಲ್ಲಿ ಕಂಡದ್ದನ್ನು ನಂಬಿ ಐದನೇ ವಾರದ ಲೆಕ್ಕ ಹಾಕಬೇಡಿ.

ಬೆಳಿಗ್ಗೆ ಎದ್ದರೆ ಫೋನ್ ಸತ್ತಿದೆ, ಟಿವಿಯಲ್ಲಿ ಸೇನೆಯ ಚಾನೆಲ್ ಒಂದೇ ಬರುತ್ತಿದೆ. ಮೊದಲ ದಿನ ಏನು ಮಾಡಬೇಕು?

ಹೊರಗೆ ಏನಾಗುತ್ತಿದೆ ಎಂದು ನೋಡಲು ಹೋಗಬೇಡಿ. ಫೆಬ್ರುವರಿ 1ರಂದು ಬ್ಯಾಂಕುಗಳು ಮುಚ್ಚಿದ್ದವು, ವಿಮಾನ ನಿಲ್ದಾಣ ಮುಚ್ಚಿತ್ತು, ಎಟಿಎಂ ಮುಂದೆ ಬೆಳಗಾಗುವ ಮೊದಲೇ ಸಾಲು. ಆ ದಿನದ ಕೆಲಸ ಕುಡಿಯುವ ನೀರು ಮತ್ತು ದಿನಸಿ. ಯಾಂಗೊನ್‌ನಲ್ಲಿ ನಲ್ಲಿ ನೀರು ಕುಡಿಯುವುದಿಲ್ಲ, 20 ಲೀಟರ್ ಕ್ಯಾನ್ ಮನೆಗೆ ಬರುತ್ತದೆ. ಕ್ಯಾನ್ ತರುವ ಹುಡುಗನೂ ಮುಷ್ಕರಕ್ಕೆ ಹೋಗಬಹುದು, ಅಥವಾ ರಸ್ತೆಗೆ ಅಡ್ಡಗಟ್ಟೆ ಬಿದ್ದು ಅವನ ಗಾಡಿ ನಿಲ್ಲಬಹುದು. ಕುಡಿಯಲು, ಅಡುಗೆಗೆ ಎಂದು ತಲೆಗೆ ದಿನಕ್ಕೆ 4 ಲೀಟರ್ ಹಿಡಿದರೆ ನಾಲ್ಕು ಜನರ ಮನೆಗೆ ಎರಡು ವಾರಕ್ಕೆ 224 ಲೀಟರ್, ಅಂದರೆ 12 ಕ್ಯಾನ್. ಅಕ್ಕಿ, ಬೇಳೆ, ಎಣ್ಣೆ ಎರಡು ವಾರಕ್ಕಾಗುವಷ್ಟು ಸಾಕು. ಅದಕ್ಕಿಂತ ಹೆಚ್ಚು ಬಾಚಿಕೊಂಡರೆ ಓಣಿಯ ಅಂಗಡಿ ಬರಿದಾಗುತ್ತದೆ, ನಾಳೆ ಅದೇ ಅಂಗಡಿಗೆ ಬರುವುದು ನಿಮ್ಮ ನೆರೆಯವರೇ.

ಆಮೇಲೆ ಕಾಗದ. ಪಾಸ್‌ಪೋರ್ಟ್, ವೀಸಾ ಪುಟ, ಸ್ಟೇ ಪರ್ಮಿಟ್, ವಿದೇಶಿಯರ ನೋಂದಣಿ ಪುಸ್ತಕ, ಬಾಡಿಗೆ ಕರಾರು, ಮಕ್ಕಳ ಜನನ ಪತ್ರ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಮುಖ್ಯವಾದ ಹತ್ತು ಫೋನ್ ನಂಬರ್ ಕಾಗದದ ಮೇಲೆ ಬರೆದಿಡಿ. ಮರ್ಚೆಂಟ್ ಸ್ಟ್ರೀಟ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸದಿದ್ದರೆ ನೆಟ್ ಬಂದ ಗಳಿಗೆಯಲ್ಲೇ ಮಾಡಿ. ನೀವು ಅಲ್ಲಿದ್ದೀರಿ ಎಂಬುದೇ ಗೊತ್ತಿಲ್ಲದಿದ್ದರೆ ವಿಶೇಷ ವಿಮಾನದ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಾದರೂ ಹೇಗೆ?

ಬ್ಯಾಂಕಿನಲ್ಲಿ ಹಣವಿದೆ, ಕೈಯಲ್ಲಿಲ್ಲ. ಏನು ಮಾಡಲಿ?

ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಬ್ಯಾಂಕ್ ನೌಕರರು ನಾಗರಿಕ ಅಸಹಕಾರ ಚಳವಳಿಗೆ (ಅಲ್ಲಿ ಎಲ್ಲರೂ ಸಿಡಿಎಂ ಎನ್ನುತ್ತಾರೆ) ಸೇರಿದ್ದರಿಂದ ಫೆಬ್ರುವರಿ ಎರಡನೇ ವಾರದಿಂದ ಶಾಖೆಗಳು ಬಾಗಿಲು ಹಾಕಿದವು. ಇದ್ದ ನೋಟನ್ನು ಎಟಿಎಂಗೆ ತುಂಬಲೂ ಜನ ಇರಲಿಲ್ಲ. ಮಾರ್ಚ್ ಆರಂಭದಲ್ಲಿ ಕೇಂದ್ರ ಬ್ಯಾಂಕ್ ಮಿತಿ ಹಾಕಿತು: ಎಟಿಎಂನಿಂದ ದಿನಕ್ಕೆ 5 ಲಕ್ಷ ಕ್ಯಾಟ್, ವ್ಯಕ್ತಿಗೆ ವಾರಕ್ಕೆ 20 ಲಕ್ಷ, ಕಂಪನಿಗೆ ವಾರಕ್ಕೆ 2 ಕೋಟಿ. (ಕ್ಯಾಟ್ ಎಂದು ಬರೆದರೂ ಬಾಯಲ್ಲಿ ಅದು ಚಾಟ್. ಲಕ್ಷಕ್ಕೆ ಬರ್ಮೀಸ್‌ನಲ್ಲಿ 'ಥೇನ್' ಎಂಬ ಒಂದೇ ಪದವಿದೆ, ಅವರೂ ನಮ್ಮಂತೆ ಲಕ್ಷದಲ್ಲೇ ಎಣಿಸುತ್ತಾರೆ.) ಕಾಗದದ ಮೇಲಿನ ಈ ಮಿತಿಯಷ್ಟೂ ಎಷ್ಟೋ ಎಟಿಎಂಗಳಲ್ಲಿ ಸಿಗಲಿಲ್ಲ.

ಹಾಗಾಗಿ ಹಣದ ದಲ್ಲಾಳಿಗಳು ಹುಟ್ಟಿಕೊಂಡರು. ನೀವು ಖಾತೆಯಿಂದ ಅಥವಾ ಕೆಬಿಜೆಡ್ ಪೇಯಂಥ ಮೊಬೈಲ್ ವ್ಯಾಲೆಟ್‌ನಿಂದ ಅವರಿಗೆ ವರ್ಗಾಯಿಸುತ್ತೀರಿ, ಅವರು ಕಮಿಷನ್ ಮುರಿದುಕೊಂಡು ನೋಟು ಕೊಡುತ್ತಾರೆ. ಕಮಿಷನ್ ಶೇ 10 ದಾಟಿದ ದಿನಗಳೂ ಇದ್ದವು. ಮೋಸ ಆಗುವುದು ಇಲ್ಲೇ: ಮೊದಲು ವರ್ಗಾಯಿಸಿ ಎಂದವನು ಆಮೇಲೆ ಫೋನ್ ಎತ್ತುವುದಿಲ್ಲ. ಗುರುತಿನ ಅಂಗಡಿಯವರ ಮೂಲಕ, ಎದುರಾಬದುರು ಕೂತು, ನೋಟು ಎಣಿಸಿದ ಮೇಲೆಯೇ ವರ್ಗಾಯಿಸಿ. ದೊಡ್ಡ ಮೊತ್ತವನ್ನು ಒಂದೇ ಸಲಕ್ಕೆ ಬೇಡ.

ಇನ್ನೊಂದು ಎಚ್ಚರಿಕೆ. ಚಳವಳಿಗೆ ವ್ಯಾಲೆಟ್ ಮೂಲಕ ಚಂದಾ ಕಳಿಸಿದವರ ಖಾತೆಗಳನ್ನು ಹುಡುಕಿ ಮುಟ್ಟುಗೋಲು ಹಾಕಿದರು, ಜನರನ್ನು ಹಿಡಿದರು. ನಿಮ್ಮ ಖಾತೆಯಿಂದ ಹಣ ಹೋದ ಖಾತೆ ಅಂಥ ಪಟ್ಟಿಯಲ್ಲಿದ್ದರೆ ವಿಚಾರಣೆ ನಿಮ್ಮ ಬಾಗಿಲಿಗೂ ಬರಬಹುದು.

ಈ ಓಟಕ್ಕೆಲ್ಲ ಒಂದು ಹಳೆಯ ಗಾಯ ಕಾರಣ. 1964ರಲ್ಲಿ ಸೇನಾಡಳಿತಗಾರ ನೆ ವಿನ್ ಸರ್ಕಾರ 50 ಮತ್ತು 100 ಕ್ಯಾಟ್ ನೋಟುಗಳನ್ನು ರದ್ದು ಮಾಡಿತು. 1987ರ ಸೆಪ್ಟೆಂಬರ್‌ನಲ್ಲಿ 25, 35, 75ರ ನೋಟುಗಳು ರಾತ್ರಿ ಬೆಳಗಾಗುವುದರೊಳಗೆ ಬರೀ ಕಾಗದವಾದವು, ಬದಲಿ ಕೂಡ ಕೊಡಲಿಲ್ಲ. 1960ರ ದಶಕದಲ್ಲಿ ಅಂಗಡಿ, ಮನೆ ಎಲ್ಲ ರಾಷ್ಟ್ರೀಕರಣಕ್ಕೆ ಕಳೆದುಕೊಂಡು ಬರಿಗೈಯಲ್ಲಿ ಹಡಗು ಹತ್ತಿದ ಲಕ್ಷಾಂತರ ಭಾರತೀಯರ ನೆನಪೂ ಅಲ್ಲಿನ ತಮಿಳು, ತೆಲುಗು ಮನೆಗಳಲ್ಲಿ ಇನ್ನೂ ಇದೆ. ಅವರು ಚಿನ್ನ ಕೊಳ್ಳಲು ಓಡಿದರೆ ಗಾಬರಿ ಎನ್ನಬೇಡಿ, ಅದು ಅನುಭವ.

ಡಾಲರ್ ಇಟ್ಟುಕೊಳ್ಳಬೇಕೇ?

ಹೌದು, ಆದರೆ ನೋಟಿನ ಸ್ಥಿತಿ ನೋಡಿ. ಮ್ಯಾನ್ಮಾರ್‌ನ ಡಾಲರ್ ಅಂಗಡಿಯವನು ನೋಟನ್ನು ಬೆಳಕಿಗೆ ಹಿಡಿದು, ನಡುವೆ ಮಡಿಕೆಯ ಗೆರೆ ಕಂಡರೆ ಸಾಕು, ಪಕ್ಕಕ್ಕಿಡುತ್ತಾನೆ. ಪೆನ್ನಿನ ಗುರುತು, ಸ್ಟಾಂಪ್ ಚುಕ್ಕೆ, ಮೂಲೆ ಹರಿದದ್ದು, ಹಳೆಯ ಸರಣಿ ಯಾವುದೂ ಆಗದು. ತೆಗೆದುಕೊಂಡರೂ ಬೆಲೆ ಇಳಿಸುತ್ತಾನೆ. 100ರ ನೋಟಿಗೆ ಒಳ್ಳೆಯ ದರ, 10, 20ರ ನೋಟಿಗೆ ಕಡಿಮೆ. ಪರ್ಸ್‌ನಲ್ಲಿ ಮಡಚಬೇಡಿ, ರಟ್ಟಿನ ಹೊದಿಕೆಯ ದಪ್ಪ ಪುಸ್ತಕದ ನಡುವೆ ಚಪ್ಪಟೆಯಾಗಿಡಿ. 10,000 ಡಾಲರ್‌ಗಿಂತ ಹೆಚ್ಚು ತಂದರೂ ಒಯ್ದರೂ ಕಸ್ಟಮ್ಸ್‌ನಲ್ಲಿ ಘೋಷಿಸಲೇಬೇಕು.

ದರದ ಕಥೆ: ಸೇನೆ ಬರುವ ಮುಂಚೆ ಡಾಲರಿಗೆ ಸುಮಾರು 1,330 ಕ್ಯಾಟ್. 2021ರ ಸೆಪ್ಟೆಂಬರ್ ಕೊನೆಗೆ ಮಾರುಕಟ್ಟೆಯಲ್ಲಿ 3,000ದ ಹತ್ತಿರ. 2022ರ ಏಪ್ರಿಲ್ 3ರಂದು ಕೇಂದ್ರ ಬ್ಯಾಂಕ್, ಬಂದ ವಿದೇಶಿ ಹಣವನ್ನೆಲ್ಲ ಒಂದೇ ಕೆಲಸದ ದಿನದೊಳಗೆ ಕ್ಯಾಟ್‌ಗೆ ಬದಲಿಸಬೇಕು ಎಂದಿತು. ಆಗಿನ ಅಧಿಕೃತ ದರ 1,850. ಡಾಲರಿನಲ್ಲಿ ಸಂಬಳ ಪಡೆಯುವವರು ಕೆಲಸದ ಕರಾರಿನಲ್ಲಿ ಸಂಬಳ ಯಾವ ದೇಶದ ಖಾತೆಗೆ ಬೀಳುತ್ತದೆ ಎಂಬ ಸಾಲನ್ನು ಮೊದಲು ಓದಬೇಕಾದದ್ದು ಇದಕ್ಕೇ. ಭಾರತದ ಖಾತೆಗೇ ನೇರ ಹಾಕಿಸಿಕೊಂಡು, ತಿಂಗಳ ಖರ್ಚಿಗಾಗುವಷ್ಟನ್ನು ಮಾತ್ರ ಅಲ್ಲಿಗೆ ತರಿಸಿಕೊಂಡವರು ಉಳಿದುಕೊಂಡರು.

ಬ್ಯಾಂಕ್ ಬಿಟ್ಟು ದಲ್ಲಾಳಿಗಳ ಮೂಲಕ ಹಣ ದಾಟಿಸುವ 'ಹುಂಡಿ' ಎಂಬ ನಮ್ಮ ಪದವೇ ಬರ್ಮೀಸ್‌ನಲ್ಲೂ ಇದೆ, ಅದೇ ಅರ್ಥದಲ್ಲಿ. ಅಗ್ಗ, ವೇಗ, ಆದರೆ ಕಾನೂನುಬಾಹಿರ. ಸಿಕ್ಕಿಬಿದ್ದರೆ ರಾಯಭಾರ ಕಚೇರಿ ವಕೀಲರ ಪಟ್ಟಿ ಕೊಡಬಹುದು, ಬಿಡಿಸಿಕೊಂಡು ಬರಲಾರದು.

ಇಂಟರ್ನೆಟ್ ಎಷ್ಟು ಕಾಲ ಹೋಗುತ್ತದೆ?

ಒಮ್ಮೆಗೇ ಹೋಗುವುದಿಲ್ಲ, ಕಂತಿನಲ್ಲಿ ಹೋಗುತ್ತದೆ. ಮೊದಲ ವಾರದಲ್ಲೇ ಫೇಸ್‌ಬುಕ್, ಆಮೇಲೆ ಟ್ವಿಟರ್, ಇನ್‌ಸ್ಟಾಗ್ರಾಂ. ಫೆಬ್ರುವರಿ 6-7ರಂದು ಇಡೀ ದೇಶಕ್ಕೆ ನೆಟ್ ಬಂದ್. ಫೆಬ್ರುವರಿ 15ರಿಂದ ದಿನಾ ರಾತ್ರಿ 1ರಿಂದ ಬೆಳಿಗ್ಗೆ 9ರವರೆಗೆ ಕತ್ತಲೆ. ಮಾರ್ಚ್ 15ರಿಂದ ಮೊಬೈಲ್ ಡೇಟಾ ಇಲ್ಲ. ಏಪ್ರಿಲ್ 2ರಿಂದ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೂಡ ಇಲ್ಲ. ಕೊನೆಗೆ ಉಳಿದದ್ದು ನೆಲದಡಿಯ ಫೈಬರ್ ಮಾತ್ರ.

ಮನೆಗೆ ಫೈಬರ್ ಇದೆಯೇ ಎಂದು ನೋಡಿ ಬಾಡಿಗೆ ಹಿಡಿಯುವುದು ಇದರಿಂದ ಕಲಿತ ಪಾಠ. ಕರೆಂಟ್ ಹೋದರೆ ಫೈಬರ್ ಇದ್ದರೂ ಪ್ರಯೋಜನವಿಲ್ಲ, ರೌಟರಿಗೊಂದು ಸಣ್ಣ ಬ್ಯಾಟರಿ ಬ್ಯಾಕಪ್ ಇಡಿ. ಬ್ಲೂಟೂತ್‌ನಲ್ಲಿ ಕೆಲಸ ಮಾಡುವ ಸಂದೇಶ ಆ್ಯಪ್‌ಗಳನ್ನು ಆಗ ಲಕ್ಷಾಂತರ ಜನ ಇಳಿಸಿಕೊಂಡರು. ಅವುಗಳ ದೂರ ನೂರು ಮೀಟರಿನ ಆಸುಪಾಸು, ನೆಟ್ ಇರುವಾಗಲೇ ಹಾಕಿಕೊಂಡಿರಬೇಕು. ಊರಿನವರಿಗೆ ಮೊದಲೇ ಒಂದು ಮಾತು ಹೇಳಿಡಿ: ರಾತ್ರಿ ಒಂದರ ಮೇಲೆ ಫೋನ್ ಹತ್ತದಿದ್ದರೆ ಏನೋ ಆಯಿತು ಎಂದುಕೊಳ್ಳಬೇಡಿ, ಬೆಳಿಗ್ಗೆ ಒಂಬತ್ತೂವರೆಗೆ ನಾನೇ ಮಾಡುತ್ತೇನೆ. ಭಾರತದ ಸಮಯ ಮ್ಯಾನ್ಮಾರ್‌ಗಿಂತ ಒಂದು ಗಂಟೆ ಹಿಂದೆ. ಅಲ್ಲಿ 9:30 ಎಂದರೆ ಇಲ್ಲಿ 8:30.

ವಿಪಿಎನ್ ವಿಷಯದಲ್ಲಿ ಕಾಲ ಬದಲಾಗಿದೆ. 2021ರಲ್ಲಿ ಎಲ್ಲರ ಫೋನಿನಲ್ಲೂ ಇತ್ತು. 2024ರ ಮೇ ಕೊನೆಯಿಂದ ವಿಪಿಎನ್‌ಗಳನ್ನೇ ತಡೆಯತೊಡಗಿದರು, ರಸ್ತೆಯಲ್ಲಿ ಫೋನ್ ತೆರೆಸಿ ಹುಡುಕಿ ದಂಡ ಹಾಕತೊಡಗಿದರು. 2025ರ ಜನವರಿ 1ರಂದು ಬಂದ ಸೈಬರ್ ಕಾನೂನು ಅನುಮತಿಯಿಲ್ಲದ ವಿಪಿಎನ್ ಸೇವೆಯನ್ನು ಅಪರಾಧದ ಪಟ್ಟಿಗೆ ಸೇರಿಸಿದೆ.

ಚೆಕ್‌ಪೋಸ್ಟ್‌ನಲ್ಲಿ ಫೋನ್ ಕೇಳಿದರೆ?

ಕೊಡಬೇಕಾಗುತ್ತದೆ. ಗ್ಯಾಲರಿ, ಫೇಸ್‌ಬುಕ್, ಚಾಟ್, ವಿಪಿಎನ್ ಐಕಾನ್, ಈ ಕ್ರಮದಲ್ಲಿ ನೋಡುತ್ತಾರೆಂದು ಇಟ್ಟುಕೊಳ್ಳಿ. ಹೊರಗೆ ಒಯ್ಯಲು ಬೇರೆಯೇ ಒಂದು ಫೋನ್ ಇಡುವುದು ಒಳ್ಳೆಯದು. ಅದು ಪೂರ್ತಿ ಖಾಲಿಯಿದ್ದರೆ ಅದೇ ಅನುಮಾನಕ್ಕೆ ಕಾರಣ. ಮನೆಯವರ ಫೋಟೊ, ಶ್ವೇಡಗಾನ್ ಪಗೋಡದ ಫೋಟೊ, ದಿನಸಿ ಚೀಟಿ ಇರಲಿ. ಚಾಟ್‌ಗಳನ್ನು ಮನೆಯಲ್ಲೇ ಅಳಿಸಿ ಹೊರಡಿ. ನಿಮ್ಮ ಫೋನಿನಲ್ಲಿ ಪ್ರತಿಭಟನೆಯ ಗುರುತಾದ ಮೂರು ಬೆರಳಿನ ಸೆಲ್ಯೂಟ್‌ನ ಚಿತ್ರ ಸಿಕ್ಕರೆ ನಿಮಗೆ ಬೈಗುಳ ಬೀಳಬಹುದು. ಅದನ್ನು ಕಳಿಸಿದ ಹುಡುಗಿಯ ಹೆಸರು, ನಂಬರ್ ಸಿಕ್ಕರೆ ಅವಳ ಮನೆಗೇ ಹೋಗುತ್ತಾರೆ. ಡ್ರೈವರ್ ಜೊತೆಗಿದ್ದರೆ ಅವನ ಫೋನನ್ನೂ ಹೊರಡುವ ಮೊದಲು ನೋಡಿಕೊಳ್ಳಲು ಹೇಳಿ.

ನೋಂದಣಿ, ವಿಳಾಸ, ರಾತ್ರಿ ಉಳಿಯುವ ಅತಿಥಿ: ಇಷ್ಟೊಂದು ಕಟ್ಟುನಿಟ್ಟು ನಿಜವೇ?

ನಿಜ. ವಿದೇಶಿಯರನ್ನು ಜೈಲಿಗೆ ತಳ್ಳಲು ಸುಲಭವಾದ ದಾರಿಯೂ ಇದೇ. ಬ್ರಿಟನ್ನಿನ ಮಾಜಿ ರಾಯಭಾರಿ ವಿಕಿ ಬೌಮನ್ ಅವರನ್ನು 2022ರ ಆಗಸ್ಟ್‌ನಲ್ಲಿ ಬಂಧಿಸಿದ್ದು ಯಾವುದೋ ಗುಪ್ತಚರ ಆರೋಪದ ಮೇಲಲ್ಲ. ನೋಂದಣಿಯಲ್ಲಿ ಬರೆದ ವಿಳಾಸ ಬಿಟ್ಟು ಬೇರೆ ಕಡೆ ವಾಸವಿದ್ದರು ಎಂಬುದಷ್ಟೇ ಆರೋಪ, ಶಿಕ್ಷೆ ಒಂದು ವರ್ಷ. ಸೂ ಕಿ ಅವರ ಆರ್ಥಿಕ ಸಲಹೆಗಾರ, ಆಸ್ಟ್ರೇಲಿಯಾದ ಶಾನ್ ಟರ್ನೆಲ್ ಅವರನ್ನು ಹಿಡಿದದ್ದು ಸೇನೆ ಬಂದ ಆರನೇ ದಿನ, ಯಾಂಗೊನ್‌ನ ಹೋಟೆಲಿನಲ್ಲಿ. ಇಬ್ಬರನ್ನೂ 2022ರ ನವೆಂಬರ್ 17ರ ಕ್ಷಮಾದಾನದಲ್ಲಿ ಬಿಟ್ಟರು.

90 ದಿನಕ್ಕಿಂತ ಹೆಚ್ಚು ಉಳಿಯುವವರು ವಿದೇಶಿಯರ ನೋಂದಣಿ ಪುಸ್ತಕ (ಎಫ್‌ಆರ್‌ಸಿ) ಮಾಡಿಸಬೇಕು. ಮನೆ ಬದಲಿಸಿದರೆ, ಅದೇ ರಸ್ತೆಯ ಎದುರು ಕಟ್ಟಡಕ್ಕೆ ಹೋದರೂ, ವಿಳಾಸ ತಿದ್ದಿಸಲೇಬೇಕು. ಕಂಪನಿಯ ಏಜೆಂಟ್ ನೋಡಿಕೊಳ್ಳುತ್ತಾನೆ ಎಂದು ಬಿಡಬೇಡಿ. ಪುಸ್ತಕ ಕೈಗೆ ತೆಗೆದುಕೊಂಡು ವಿಳಾಸದ ಸಾಲನ್ನು ನೀವೇ ಓದಿಸಿಕೊಳ್ಳಿ. ಏಜೆಂಟರು ಕಚೇರಿಯ ವಿಳಾಸವನ್ನೇ ಮನೆಯ ವಿಳಾಸವೆಂದು ಬರೆಸುವುದು ಸಾಮಾನ್ಯ, ಶಾಂತಿಯ ಕಾಲದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ವೀಸಾ, ಸ್ಟೇ ಪರ್ಮಿಟ್, ಎಫ್‌ಆರ್‌ಸಿ ಮೂರರ ಕೊನೆಯ ದಿನಾಂಕಗಳು ಬೇರೆ ಬೇರೆ ಇರಬಹುದು. ಮೂರನ್ನೂ ಕ್ಯಾಲೆಂಡರಿನಲ್ಲಿ ಬರೆದು, ಮುಗಿಯುವ ಆರು ವಾರ ಮೊದಲೇ ನವೀಕರಣಕ್ಕೆ ಹಾಕಿ. ಕಚೇರಿಯ ಗುಮಾಸ್ತರೇ ಮುಷ್ಕರದಲ್ಲಿದ್ದಾಗ ಎರಡು ವಾರದ ಕೆಲಸಕ್ಕೆ ಎರಡು ತಿಂಗಳು ಹಿಡಿದೀತು.

ಅತಿಥಿ ನಿಯಮ: ರಾತ್ರಿ ಯಾರೇ ಉಳಿದರೂ ವಾರ್ಡ್ ಆಡಳಿತಾಧಿಕಾರಿಗೆ ತಿಳಿಸಬೇಕು. 2016ರಲ್ಲಿ ತೆಗೆದಿದ್ದ ಈ ನಿಯಮವನ್ನು 2021ರ ಫೆಬ್ರುವರಿ 13ರಂದು ಮತ್ತೆ ತಂದರು. ವಾರಂಟ್ ಇಲ್ಲದೆ ಮನೆ ಶೋಧಿಸದಂತೆ ತಡೆಯುತ್ತಿದ್ದ ಕಲಮುಗಳನ್ನು ಅಮಾನತಿನಲ್ಲಿಟ್ಟದ್ದೂ ಅದೇ ದಿನ. ರಾತ್ರಿ ತಪಾಸಣೆಗೆ ಬಂದವರು ಮನೆಯವರ ಪಟ್ಟಿಯನ್ನು, ಅಂದರೆ ಅಲ್ಲಿ ಎಲ್ಲರೂ 66/6 ಎಂದು ಕರೆಯುವ ನಮೂನೆಯನ್ನು, ಕೈಯಲ್ಲಿ ಹಿಡಿದು ತಲೆ ಎಣಿಸುತ್ತಾರೆ. ನಿಮ್ಮ ಮನೆಯಲ್ಲೇ ಮಲಗುವ ಅಡುಗೆಯವರ ಹೆಸರು ಅವರ ಊರಿನ ಪಟ್ಟಿಯಲ್ಲಿರುತ್ತದೆ, ನಿಮ್ಮಲ್ಲಿರುವುದಿಲ್ಲ. ಅವರನ್ನು ಅತಿಥಿಯಾಗಿ ನೋಂದಾಯಿಸುವುದು ನಿಮ್ಮ ಕೆಲಸ. ಇದನ್ನು ಮರೆತರೆ ಜೀಪು ಹತ್ತುವವರು ಅವರು.

144, 505ಎ ಎಂದರೆ ನಮ್ಮಲ್ಲಿರುವುದೇ?

ಬೇರು ಒಂದೇ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು. ದಂಡ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ ಎರಡೂ ಅಲ್ಲಿಂದಲೇ ಬಂದವು. ಫೆಬ್ರುವರಿ 8ರಂದು ಯಾಂಗೊನ್, ಮಂಡಲೆಯಲ್ಲಿ ಹಾಕಿದ 144 ಐದು ಅಥವಾ ಹೆಚ್ಚು ಜನ ಸೇರುವುದನ್ನು ನಿಷೇಧಿಸಿತು, ಜೊತೆಗೆ ರಾತ್ರಿ 8ರಿಂದ ಬೆಳಿಗ್ಗೆ 4ರವರೆಗೆ ಕರ್ಫ್ಯೂ. ಆದರೆ 505ಎ ಅವರದೇ ಹೊಸ ಸೇರ್ಪಡೆ. ಭಯ ಹುಟ್ಟಿಸುವ, ಸುಳ್ಳು ಸುದ್ದಿ ಹರಡುವ, ಸರ್ಕಾರಿ ನೌಕರರನ್ನು ಎತ್ತಿಕಟ್ಟುವ ಯಾವುದೇ ಮಾತಿಗೆ ಮೂರು ವರ್ಷದವರೆಗೆ ಜೈಲು. ಒಂದು ಶೇರ್, ಒಂದು ಲೈಕ್ ಕೂಡ ಇದರೊಳಗೆ ಬರಬಹುದು.

ಆದ್ದರಿಂದ ಮೆರವಣಿಗೆಗೆ ಹೋಗಬೇಡಿ. ಸೈನಿಕರ ಫೋಟೊ ಬೇಡ, ಬಾಲ್ಕನಿಯಿಂದಲೂ ಬೇಡ. ನಿಮ್ಮ ಸಹಾನುಭೂತಿಗೆ ಬೆಲೆಯಿಲ್ಲ ಎಂದಲ್ಲ. ಗುಂಪಿನಲ್ಲೊಬ್ಬ ವಿದೇಶಿ ಕಂಡರೆ 'ಹೊರಗಿನವರ ಕೈವಾಡ' ಎಂಬ ಕಥೆಗೆ ಅದೇ ಸಾಕ್ಷಿಯಾಗುತ್ತದೆ, ಅದರ ಹೊಡೆತ ನಿಮ್ಮ ಪಕ್ಕದಲ್ಲಿ ನಿಂತ ಸ್ಥಳೀಯರಿಗೆ ಬೀಳುತ್ತದೆ.

ರಾತ್ರಿ 8ಕ್ಕೆ ಊರಿಡೀ ಪಾತ್ರೆ ಬಡಿಯುತ್ತಾರಲ್ಲ, ಏಕೆ?

ಮನೆಯಿಂದ ದುಷ್ಟಶಕ್ತಿ ಓಡಿಸಲು ಪಾತ್ರೆ, ತಗಡು ಬಡಿಯುವುದು ಅಲ್ಲಿನ ಹಳೆಯ ರೂಢಿ. ಫೆಬ್ರುವರಿ 2ರ ರಾತ್ರಿ ಅದು ಪ್ರತಿಭಟನೆಯಾಯಿತು. ಎಂಟು ಹೊಡೆಯುತ್ತಿದ್ದಂತೆ ಯಾವುದೋ ಮಹಡಿಯಿಂದ ಒಂದು ಚಮಚ ಬಾಣಲೆಗೆ ತಾಗುವ ಸದ್ದು, ಎದುರಿನಿಂದ ಇನ್ನೊಂದು, ಅರೆ ನಿಮಿಷದಲ್ಲಿ ಓಣಿಯಿಡೀ ಸ್ಟೀಲು, ತಗಡು, ಬಕೆಟ್, ಕಾರಿನ ಹಾರ್ನ್. ಸುಮಾರು ಕಾಲು ಗಂಟೆ. ಆಮೇಲೆ ಥಟ್ಟನೆ ನಿಶ್ಶಬ್ದ. ಮಾರ್ಚ್ ಹೊತ್ತಿಗೆ ಸದ್ದು ಬಂದ ಕಿಟಕಿಯತ್ತ ಕವಣೆ ಕಲ್ಲು, ಗುಂಡು ಹಾರಿದ್ದೂ ಉಂಟು. ಆ ಹೊತ್ತಿಗೆ ಮಕ್ಕಳನ್ನು ರಸ್ತೆ ಕಡೆಯ ಕೋಣೆಯಿಂದ ಒಳಗೆ ಕರೆದುಕೊಳ್ಳಿ, ದೀಪ ಆರಿಸಿ.

ಓಣಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹೆಂಗಸರ ಥಮೇನ್ (ನಮ್ಮ ಲುಂಗಿಯಂಥದ್ದು) ನೇತುಹಾಕಿದ್ದು ಕಂಡರೆ ಒಣಹಾಕಿದ ಬಟ್ಟೆ ಎಂದು ತೆಗೆಯಲು ಹೋಗಬೇಡಿ. ಅದರಡಿ ನಡೆದರೆ ಗಂಡಸಿನ ತೇಜಸ್ಸು ಕುಂದುತ್ತದೆ ಎಂಬ ನಂಬಿಕೆಯಿದೆ, ಸೈನಿಕರನ್ನು ತಡೆಯಲೆಂದೇ ಅವನ್ನು ಕಟ್ಟಿದ್ದು.

ಪ್ರತಿಭಟನಾಕಾರರು ಓಡಿಬಂದು ಬಾಗಿಲು ತಟ್ಟಿದರೆ?

2021ರ ಮಾರ್ಚ್ 8ರ ರಾತ್ರಿ ಯಾಂಗೊನ್‌ನ ಬಡಾವಣೆ ಸಾನ್‌ಚೌಂಗ್‌ನಲ್ಲಿ ಹೀಗೇ ಆಯಿತು. ಸುಮಾರು 200 ಯುವಜನರನ್ನು ಓಣಿಗಳಲ್ಲಿ ಸುತ್ತುಗಟ್ಟಿ, 66/6 ಪಟ್ಟಿ ಹಿಡಿದು ಮನೆಮನೆ ಶೋಧಿಸಿದರು. ಕರ್ಫ್ಯೂ ಮುರಿದು ಊರಿನ ಜನ ಬೇರೆ ಬೇರೆ ಕಡೆ ಬೀದಿಗಿಳಿದು ಗದ್ದಲ ಮಾಡಿದರು. ಬೆಳಗಾಗುವ ಹೊತ್ತಿಗೆ ಒಳಗೆ ಸಿಕ್ಕಿದ್ದವರಲ್ಲಿ ಹಲವರು ಜಾರಿಕೊಂಡರು.

ಬಾಗಿಲು ತೆರೆಯಿರಿ ಅಥವಾ ತೆರೆಯಬೇಡಿ ಎಂದು ಯಾರೂ ನಿಮ್ಮ ಪರವಾಗಿ ಹೇಳಲಾಗದು. ತೆರೆದರೆ ಏನಾಗುತ್ತದೆ ಎಂಬುದು ಗೊತ್ತಿರಲಿ: ನೋಂದಾಯಿಸದ ಅತಿಥಿ, ಜೊತೆಗೆ ಪ್ರಚೋದನೆಯ ಆರೋಪ, ನಿಮಗೆ ವಿಚಾರಣೆ ಮತ್ತು ಗಡೀಪಾರು, ಮನೆಯ ಮಾಲೀಕರಿಗೆ ಜೈಲು, ಮನೆ ಜಪ್ತಿ. ತೆರೆಯದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. ಈ ಮಾತನ್ನು ಮನೆಯ ಮಾಲೀಕರೊಡನೆ, ಮನೆಯಲ್ಲಿರುವ ಕೆಲಸದವರೊಡನೆ ಹಗಲಲ್ಲೇ ಆಡಿಡಿ. ಅವರ ತಲೆಯ ಮೇಲೆ ಬೀಳುವ ಅಪಾಯವನ್ನು ನೀವೊಬ್ಬರೇ ನಿರ್ಧರಿಸಬಾರದು.

ಬಂದವರು ಸೈನಿಕರಾದರೆ ತಡಮಾಡದೆ ತೆರೆಯಿರಿ. ದೀಪ ಹಾಕಿ, ಎರಡೂ ಕೈ ಕಾಣುವಂತೆ ನಿಲ್ಲಿ, ಪಾಸ್‌ಪೋರ್ಟ್ ಮತ್ತು ಎಫ್‌ಆರ್‌ಸಿ ಮುಂದಿಡಿ. ಭಾಷೆ ಬಾರದಿದ್ದರೆ ನಗುತ್ತಾ 'ಇಂಡಿಯಾ' ಎನ್ನುವುದು ಸಾಕಾಗುತ್ತದೆ ಎಂದು ಎಣಿಸಬೇಡಿ. ಹೆಸರು, ಕೆಲಸ, ಮನೆಯಲ್ಲಿ ಎಷ್ಟು ಜನ ಎಂಬ ನಾಲ್ಕು ವಾಕ್ಯ ಬರ್ಮೀಸ್‌ನಲ್ಲಿ ಬರೆಸಿ ಬಾಗಿಲ ಹಿಂದೆ ಅಂಟಿಸಿಡಿ.

ಮುಡಿಗೆ ಹೂ ಮುಡಿಯಬಹುದೇ?

ಬೇರೆ ದಿನ ಮುಡಿಯಿರಿ, ಜೂನ್ 19ರಂದು ಬೇಡ. ಅದು ಸೂ ಕಿ ಅವರ ಹುಟ್ಟುಹಬ್ಬ, ತಲೆಯಲ್ಲೊಂದು ಹೂ ಅವರ ಗುರುತು. 2023ರಲ್ಲಿ ಆ ದಿನ ಹೂ ಮುಡಿದದ್ದಕ್ಕೆ, ಹೂ ಹಿಡಿದದ್ದಕ್ಕೆ ಹತ್ತಾರು ಜನರನ್ನು ಬಂಧಿಸಿದರು. 'ಮೌನ ಮುಷ್ಕರ'ದ ದಿನಗಳಲ್ಲಿ, ಮೊದಲನೆಯದು 2021ರ ಮಾರ್ಚ್ 24, ಹೊರಗೇ ಹೋಗಬೇಡಿ. ಅಂದು ಅಂಗಡಿ ತೆರೆಸಿ ಸಾಮಾನು ಕೇಳುವುದು ಅಂಗಡಿಯವನನ್ನು ಎರಡು ಕಡೆಯವರ ನಡುವೆ ಸಿಕ್ಕಿಸಿದಂತೆ.

ಕೆಲಸದವರು, ಕಚೇರಿಯ ಸಿಬ್ಬಂದಿ ಮುಷ್ಕರಕ್ಕೆ ಹೋದರೆ ಸಂಬಳ?

ಸಾಧ್ಯವಿದ್ದರೆ ಕೊಡಿ, ರಜೆ ಎಂದು ಬರೆಯಿರಿ. ಹಾಜರಿ ಪುಸ್ತಕದಲ್ಲಿ 'ಮುಷ್ಕರ', 'ಸಿಡಿಎಂ' ಎಂಬ ಪದ ಬರೆಯಲೇಬೇಡಿ. ಆ ಪುಸ್ತಕ ನಾಳೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಸಂಬಳ ನಗದಿನಲ್ಲಿ, ಎರಡು ತಿಂಗಳದು ಮುಂಗಡವಾಗಿ ಕೊಟ್ಟರೆ ಅವರಿಗೆ ಎಟಿಎಂ ಸಾಲು ತಪ್ಪುತ್ತದೆ. ಕರ್ಫ್ಯೂಗೆ ಒಂದೂವರೆ ಗಂಟೆ ಮುಂಚೆ ಅವರು ನಿಮ್ಮ ಮನೆಯಿಂದ ಹೊರಟಿರಬೇಕು. ರಾತ್ರಿಯೂಟ ನೀವೇ ಬಿಸಿ ಮಾಡಿಕೊಳ್ಳಿ.

2024ರ ಫೆಬ್ರುವರಿ 10ರಂದು ಕಡ್ಡಾಯ ಸೇನಾ ಸೇವೆಯ ಕಾನೂನು ಜಾರಿಯಾಯಿತು: ಗಂಡಸರು 18ರಿಂದ 35, ಹೆಂಗಸರು 18ರಿಂದ 27. ಮೇ ತಿಂಗಳಿಂದ ಗಂಡಸರಿಗೆ ಹೊರದೇಶದ ಕೆಲಸದ ಅನುಮತಿಯನ್ನೂ ನಿಲ್ಲಿಸಿದರು. ಕತ್ತಲಾದ ಮೇಲೆ 25ರ ಹುಡುಗನನ್ನು ಒಂದು ಪ್ಯಾಕೆಟ್ ಹಾಲಿಗೆ ಕಳಿಸುವುದು ಎಷ್ಟು ದೊಡ್ಡ ತಪ್ಪು ಎಂಬುದು ಹೊಸದಾಗಿ ಬಂದವರಿಗೆ ಹೊಳೆಯುವುದೇ ಇಲ್ಲ.

ಕಾಯಿಲೆ ಬಿದ್ದರೆ?

ಚಳವಳಿ ಶುರು ಮಾಡಿದವರೇ ಸರ್ಕಾರಿ ಆಸ್ಪತ್ರೆಯ ವೈದ್ಯರು, ನರ್ಸುಗಳು. ಖಾಸಗಿ ಆಸ್ಪತ್ರೆಗಳು ನಡೆದವು, ಮುಂಗಡ ನಗದು ಕೇಳಿದವು. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ ಮೂರು ತಿಂಗಳದ್ದು ಕೈಯಲ್ಲಿರಲಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆಸಿ. 2021ರ ಜುಲೈನ ಕೋವಿಡ್ ಅಲೆಯಲ್ಲಿ ಜನ ಖಾಲಿ ಸಿಲಿಂಡರ್ ಹೊತ್ತು ಆಮ್ಲಜನಕದ ಘಟಕಗಳ ಮುಂದೆ ಸಾಲು ನಿಂತರು. ಲೆಕ್ಕ ತಿಳಿದಿರಲಿ: 40 ಲೀಟರಿನ ಸಿಲಿಂಡರ್ 150 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 6,000 ಲೀಟರ್ ಅನಿಲ, ನಿಮಿಷಕ್ಕೆ 5 ಲೀಟರಿನಂತೆ 20 ಗಂಟೆ. ರೋಗಿಯೊಬ್ಬರಿಗೆ ಒಂದೇ ಸಿಲಿಂಡರ್ ಇದ್ದರೆ ತುಂಬಿಸಲು ಹೋದಾಗ ಹಾಕಲು ಏನೂ ಉಳಿಯುವುದಿಲ್ಲ. ಎರಡು ಬೇಕು.

ತೊಗರಿ, ಉದ್ದಿನ ವ್ಯಾಪಾರಿಗಳಿಗೆ ಏನಾಯಿತು?

ನಮ್ಮ ಇಡ್ಲಿ ಹಿಟ್ಟಿನ ಉದ್ದಿನಲ್ಲಿ ಒಂದು ಪಾಲು ಯಾಂಗೊನ್ ಬಂದರಿನಿಂದಲೇ ಬರುತ್ತದೆ, ಹಾಗಾಗಿ ಈ ಪ್ರಶ್ನೆ ಕಲಬುರಗಿಯ ಮಾರುಕಟ್ಟೆಗೂ ಸಂಬಂಧಿಸಿದ್ದು. ಕಸ್ಟಮ್ಸ್ ನೌಕರರು, ಲಾರಿ ಚಾಲಕರು ಮುಷ್ಕರಕ್ಕೆ ಇಳಿದಾಗ ಕಂಟೇನರ್‌ಗಳು ಅಲ್ಲಲ್ಲೇ ನಿಂತವು, ಬ್ಯಾಂಕ್ ಇಲ್ಲದೆ ಹಣ ಪಾವತಿಯೂ ನಿಂತಿತು. ಆದರೂ 2021ರ ಜೂನ್‌ನಲ್ಲಿ ಭಾರತ ಐದು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿತು: ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ. ಬೇಳೆಗೆ ರೂಪಾಯಿಯಲ್ಲೇ ಪಾವತಿಸುವ ವ್ಯವಸ್ಥೆ ಬಂದದ್ದು 2024ರ ಜನವರಿಯಲ್ಲಿ. ಗೋದಾಮಿನಲ್ಲಿ ಸರಕು ಇಟ್ಟವರು ಹಳ್ಳಿಯಿಂದ ಬಂದರಿನವರೆಗಿನ ದಾರಿಯ ಪ್ರತಿ ಚೆಕ್‌ಪೋಸ್ಟಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಮಾತಾಡಬೇಕು.

ದೇಶ ಬಿಡುವುದು ಯಾವಾಗ, ಹೇಗೆ?

ವೀಸಾ ಇನ್ನೂ ಎರಡು ತಿಂಗಳಿರುವಾಗ, ವಿಮಾನ ಹಾರುತ್ತಿರುವಾಗ, ಕೈಯಲ್ಲಿ ಟಿಕೆಟ್ಟಿನ ಹಣ ಇರುವಾಗ. ಈ ಮೂರರಲ್ಲಿ ಒಂದು ಅಲುಗಾಡಿದರೂ ಹೊರಡಿ, ಮೊದಲು ಮಕ್ಕಳನ್ನು, ವಯಸ್ಸಾದವರನ್ನು. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆಂದು ನಿಂತ ಅಂತರರಾಷ್ಟ್ರೀಯ ವಾಣಿಜ್ಯ ವಿಮಾನಗಳು ಮರಳಿದ್ದು 2022ರ ಏಪ್ರಿಲ್ 17ರಂದು. ನಡುವಿನ ಕಾಲವೆಲ್ಲ ವಿಶೇಷ ವಿಮಾನದ ಪಾಳಿ. ಎಫ್‌ಆರ್‌ಸಿ ಇದ್ದವರು ನಿರ್ಗಮನದ ನಮೂನೆ 'ಡಿ-ಫಾರ್ಮ್' ಇದೆಯೇ ಎಂದು ಒಂದು ವಾರ ಮೊದಲೇ ಖಚಿತಪಡಿಸಿಕೊಳ್ಳಿ. ಅಮೆರಿಕದ ಪತ್ರಕರ್ತ ಡ್ಯಾನಿ ಫೆನ್ಸ್ಟರ್ ಅವರನ್ನು 2021ರ ಮೇ 24ರಂದು ಹಿಡಿದದ್ದು ವಿಮಾನ ನಿಲ್ದಾಣದಲ್ಲೇ. ನವೆಂಬರ್‌ನಲ್ಲಿ 11 ವರ್ಷ ಶಿಕ್ಷೆ ವಿಧಿಸಿ, ಮೂರು ದಿನಕ್ಕೆ ಬಿಟ್ಟರು. ರಸ್ತೆಯಲ್ಲಿ ಗಡಿ ಪಟ್ಟಣ ತಮು ದಾಟಿ ಮಣಿಪುರದ ಮೋರೆ ಸೇರುವ ಯೋಚನೆ ಬಿಡಿ, ಆ ದಾರಿ ಸಗೈಂಗ್ ಪ್ರಾಂತ್ಯದ ಕಾಳಗದ ನಡುವೆ ಹೋಗುತ್ತದೆ.

ಥಾಯ್ಲೆಂಡ್ ಗಡಿಯಲ್ಲಿ ಡೇಟಾ ಎಂಟ್ರಿ ಕೆಲಸ, ಸಂಬಳ ಡಾಲರಿನಲ್ಲಿ ಎಂದು ಕರೆ ಬಂದಿದೆ. ಹೋಗಬಹುದೇ?

ಬೇಡ. ಮ್ಯಾನ್ಮಾರ್ ಕಡೆಯ ಗಡಿ ಪಟ್ಟಣ ಮ್ಯಾವಡ್ಡಿಯ ಆನ್‌ಲೈನ್ ವಂಚನೆ ಕೇಂದ್ರಗಳಿಗೆ ಜನ ಸಿಕ್ಕಿಬೀಳುವುದು ಹೀಗೇ: ಬ್ಯಾಂಕಾಕ್‌ಗೆ ಟಿಕೆಟ್, ಅಲ್ಲಿಂದ ಕಾರು, ರಾತ್ರಿ ನದಿ ದಾಟಿಸಿ ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನು ಥಾಯ್ಲೆಂಡ್ ಕಡೆಯ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಊರಿಗೆ ಬಂದ ಮೇಲೆ ಅಲ್ಲಿನವರಿಗೆ ಫೋನ್ ಮಾಡಿದರೆ ಅವರಿಗೆ ತೊಂದರೆಯೇ?

ಆಗಬಹುದು, ಹಾಗಾಗಿ ಸಮಯವನ್ನು ಅವರೇ ಆರಿಸಲಿ. ಹೊರಡುವ ಮೊದಲೇ ಕೂತು ಮಾತಾಡಿ: ಯಾವ ಆ್ಯಪ್, ವಾರಕ್ಕೆಷ್ಟು ಸಲ, ತಾನಾಗಿ ಅಳಿಯುವ ಸಂದೇಶದ ಅವಧಿ ಎಷ್ಟು. ಮಗ ಎಲ್ಲಿದ್ದಾನೆ, ಯಾರು ಯಾವ ಕಡೆ ಎಂದು ಕೇಳಬೇಡಿ. ಅವರ ಮನೆಯ ಫೋಟೊವನ್ನು ನಿಮ್ಮ ಫೇಸ್‌ಬುಕ್ಕಿಗೆ ಹಾಕಬೇಡಿ. ಹಳೆಯ ಫೋಟೊಗಳಿಗೆ ಅವರ ಹೆಸರು ಟ್ಯಾಗ್ ಆಗಿದ್ದರೆ ಇವತ್ತೇ ತೆಗೆಯಿರಿ. ಉತ್ತರ ಬರದಿದ್ದರೆ ಮೇಲಿಂದ ಮೇಲೆ ಕರೆ ಮಾಡಬೇಡಿ, ಆ ಫೋನ್ ಆಗ ಚೆಕ್‌ಪೋಸ್ಟ್‌ನಲ್ಲಿ ಬೇರೆಯವರ ಕೈಯಲ್ಲಿರಬಹುದು. 'ಊಟ ಆಯಿತಾ' ಎಂಬುದು ಅಲ್ಲೂ ದಿನನಿತ್ಯದ ಕುಶಲ ಪ್ರಶ್ನೆ: 'ಥಮಿನ್ ಸಾ ಪಿ ಬಿ ಲಾ'. ಅಷ್ಟು ಬರೆದು ಕಾಯಿರಿ.